ಪುಸ್ತಕದಲ್ಲಿ ಉಳಿದ ಒಂದು ಹೆರಾಲ್ಡ್

ಧಾರವಾಡದ ಹತ್ತಿರದ ಸತ್ತೂರಿನ ಆಸ್ಪತ್ರೆಯಿಂದ ನಾನು ಹೊರಟದ್ದು ಅಮಾವಾಸ್ಯೆಯ ದಿನ ಬೆಳಿಗ್ಗೆ. ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಯಾರೂ ಪ್ರಯಾಣ ಹೊರಡುವುದಿಲ್ಲ. ನಾನಂತೂ ಉಳಿದ ದಿನಗಳಲ್ಲೂ ಹೊರಡುವವಳಲ್ಲ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ನಕಾಶೆಯ ಮೇಲೆ ಹುಡುಗರನ್ನು ಹಿಮಾಲಯ ದಾಟಿಸುತ್ತೇನೆ, ಆದರೆ ಹುಬ್ಬಳ್ಳಿಯ ಹಳೇ ಬಸ್‌ಸ್ಟ್ಯಾಂಡಿನ ಎದುರಿನ ರಸ್ತೆ ದಾಟಬೇಕಾದರೆ ಯಾರಾದರೂ ಮುದುಕಿ ದಾಟುವ ತನಕ ಕಾದು, ಅವಳ ಬೆನ್ನಿಗೆ ಅಂಟಿಕೊಂಡು ದಾಟುತ್ತೇನೆ. ನಾಯಿ, ಲಿಫ್ಟು, ಚಿಲ್ಲರೆ ಕೇಳುವ ಕಂಡಕ್ಟರು, ಮೊಬೈಲಿನಲ್ಲಿ ಬರುವ ಗೊತ್ತಿಲ್ಲದ ನಂಬರು, ಎಲ್ಲಕ್ಕೂ ನನಗೆ ಅಂಜಿಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ ಕೆಲಸ ಓದಿ ಯಾರೂ ನನ್ನನ್ನು ಗಟ್ಟಿಗಿತ್ತಿ ಎಂದು ತಿಳಿಯಬಾರದು.

ಆಸ್ಪತ್ರೆಯ ಮಂಚದ ಮೇಲೆ ನನ್ನ ಅಣ್ಣ ವಸಂತ ಮಲಗಿದ್ದ. ಎಡ ತೊಡೆಯ ಎಲುಬು ಮುರಿದಿತ್ತು. ಕಾಲಿಗೆ ಹಗ್ಗ ಕಟ್ಟಿ, ಮಂಚದ ತುದಿಯಿಂದ ಭಾರ ಇಳಿಬಿಟ್ಟಿದ್ದರು. ಹಿಂದಿನ ವಾರ ಗಬ್ಬೂರ ಬೈಪಾಸಿನಲ್ಲಿ ಅವನ ಹೆರಾಲ್ಡ್ ಕಾರಿನ ಮುಂದಿನ ಗಾಲಿ, ಗಾಡಿ ಓಡುತ್ತಿದ್ದಾಗಲೇ, ಒಳಕ್ಕೆ ಮಡಚಿಕೊಂಡಿತ್ತು. ಗಾಡಿ ರಸ್ತೆ ಅಗಲ ಮಾಡಲು ತೋಡಿದ್ದ ತಗ್ಗಿಗೆ ಬಿತ್ತು. ಹಿಂದೆ ಬರುತ್ತಿದ್ದ ಲಾರಿಯ ಡ್ರೈವರು ಹೇಗೋ ಬ್ರೇಕು ಹಾಕಿದ್ದರಿಂದ ನಮಗೆ ಅಣ್ಣ ಉಳಿದ. ಆ ಲಾರಿ ನಿಲ್ಲದಿದ್ದರೆ ಎಂಬ ಯೋಚನೆ ಆ ವಾರವೆಲ್ಲ ನನ್ನನ್ನು ಬಿಟ್ಟಿರಲಿಲ್ಲ. ಪಾಠ ಮಾಡುವಾಗಲೂ ಅದೇ, ತಲೆ ಬಾಚಿಕೊಳ್ಳುವಾಗಲೂ ಅದೇ.

ಹೆರಾಲ್ಡ್ ಎಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಒಂದು ಕಾಲಕ್ಕೆ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸಣ್ಣ ಕಾರು ಅದು. ಬಾನೆಟ್ಟು ಎತ್ತಿದರೆ ದೀಪ, ಮಡ್‌ಗಾರ್ಡುಗಳ ಸಮೇತ ಇಡೀ ಮುಖವೇ ಮುಂದಕ್ಕೆ ಬಾಗುತ್ತದೆ. ತಯಾರಿಕೆ ನಿಂತು ಬಹಳ ವರ್ಷಗಳಾಗಿ, ಬಿಡಿ ಸಾಮಾನು ಸಿಗುವುದು ಕಷ್ಟವಾಗಿತ್ತು. ಅದಕ್ಕೇ ಅಣ್ಣ ತೊಂಬತ್ತರ ದಶಕದ ಕೊನೆಗೆ ಒಂದು ದಪ್ಪ ರಟ್ಟಿನ ಪುಸ್ತಕ ತಂದು, ನಮ್ಮ ಕಡೆ ಯಾರ ಯಾರ ಹತ್ತಿರ ಹೆರಾಲ್ಡ್ ಇದೆ ಎಂದು ಬರೆದಿಡತೊಡಗಿದ. ಮಾಲೀಕರ ಹೆಸರು, ಊರು, ಗಾಡಿಯ ಬಣ್ಣ, ಚಾಸಿ ನಂಬರು, ಯಾರಿಂದ ಕೊಂಡದ್ದು. ಒಬ್ಬರ ಗಾಡಿ ಕೂತುಬಿಟ್ಟರೆ ಅದರ ಬಾಗಿಲೋ ದೀಪವೋ ಇನ್ನೊಬ್ಬರ ಉಪಯೋಗಕ್ಕೆ ಬರಲಿ ಎಂಬುದು ಅವನ ಆಸೆ.

ಆದರೆ ಅಣ್ಣ ನಂಬರನ್ನು ಸುಮ್ಮನೆ ಬರೆದುಕೊಳ್ಳುತ್ತಿರಲಿಲ್ಲ. ನಂಬರಿನ ತಗಡಿನ ಮೇಲೆ ತೆಳ್ಳಗಿನ ಕಾಗದ ಇಟ್ಟು, ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುತ್ತಿದ್ದ. ಆರ್‌ಟಿಓ ಆಫೀಸಿನವರು ಮಾಡುವುದು ಹಾಗೆಯೇ, ಗಾಡಿ ಮಾರಿದಾಗ ಇಲ್ಲವೆ ಜಪ್ತಿಯಾದಾಗ. ಹೀಗಾಗಿ ಪೆನ್ಸಿಲ್ ಹಿಡಿದ ಅಣ್ಣನನ್ನು ಕಂಡರೆ ಹಲವರು ಶೆಡ್ಡಿನ ಬಾಗಿಲು ಎಳೆದುಕೊಳ್ಳುತ್ತಿದ್ದರು. ಒಂದು ಊರಿನಲ್ಲಿ ಅವನನ್ನು ತೆರಿಗೆಯವನೆಂದು ತಿಳಿದು ಚಹ ಕುಡಿಸಿ, ಗಾಡಿ ತಮ್ಮದಲ್ಲ, ಬೀಗರದು ಎಂದು ಹೇಳಿ ಕಳಿಸಿದ್ದರು. ನಾನೂ ಅಣ್ಣನ ಹೆಂಡತಿ ವೈನಿಯೂ ಇದನ್ನೆಲ್ಲ ಹೇಳಿಕೊಂಡು ಅವನ ಬೆನ್ನ ಹಿಂದೆ ನಗುತ್ತಿದ್ದೆವು.

ಗಾಲಿ ಯಾಕೆ ಮುರಿಯಿತು ಎಂಬುದು ತಿಳಿದದ್ದು ಆ ಪುಸ್ತಕದಿಂದಲೇ ಪರಿಚಯವಾದ ಬೆಳಗಾವಿಯ ಒಬ್ಬ ಡಾಕ್ಟರಿಂದ. ಅವರದೂ ಹೆರಾಲ್ಡ್. ಸುದ್ದಿ ಕೇಳಿ ಫೋನ್ ಮಾಡಿದವರು, ಮುಂದಿನ ಗಾಲಿ ತಿರುಗುವ ಕೀಲಿಗೆ ಗ್ರೀಸ್ ಹಾಕುತ್ತಿದ್ದಿರೋ ಗೇರ್ ಎಣ್ಣೆಯೋ ಎಂದು ಕೇಳಿದರು. ಅಣ್ಣ ಗ್ರೀಸ್ ಎಂದ. ಗಾಡಿಯ ಪುಸ್ತಕ ಒಮ್ಮೆ ನೋಡಿ ಎಂದರಂತೆ ಅವರು. ಆಮೇಲೆ ಅಣ್ಣ ವೈನಿಗೆ ಹೇಳಿ ಮನೆಯಿಂದ ಕಂಪನಿಯವರು ಗಾಡಿಯ ಜೊತೆ ಕೊಟ್ಟ ಪುಸ್ತಕ ತರಿಸಿ ನೋಡಿದ. ಅಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು, ಈ ಕೀಲಿಗೆ ಎಣ್ಣೆ ಮಾತ್ರ, ಗ್ರೀಸ್ ಬೇಡ ಎಂದು. ಗ್ರೀಸ್ ಹಾಕಿದರೆ ಅದು ಗಟ್ಟಿಯಾಗಿ ಕೂತು ಒಳಗಿನ ಎಳೆಗಳಿಗೆ ಇಳಿಯುವುದಿಲ್ಲ. ನೀರು ಇಳಿಯುತ್ತದೆ. ಹೊರಗೆ ಏನೂ ಕಾಣದಂತೆ ತುಕ್ಕು ತಿಂದು, ಒಂದು ದಿನ ಪಟ್ಟನೆ ಮುರಿಯುತ್ತದೆ.

ಕಂಪನಿಯ ಆ ಪುಸ್ತಕ ಎಷ್ಟೋ ವರ್ಷದಿಂದ ಅಣ್ಣನ ಕಪಾಟಿನಲ್ಲೇ ಇತ್ತು. ವಾಯರಿನ ಬಣ್ಣ ನೋಡಲು ಅದನ್ನು ತೆಗೆಯುತ್ತಿದ್ದ. ಗ್ರೀಸ್ ಹೊಡೆಯುವುದನ್ನು ಪುಸ್ತಕ ನೋಡಿ ಯಾರು ಕಲಿಯುತ್ತಾರೆ? ನಮ್ಮ ಕಡೆ ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು, ಕಂಡ ಕಂಡ ಕೀಲಿಗೆಲ್ಲ ಗ್ರೀಸ್ ತುಂಬಿ, ನಿಂಬೆಹಣ್ಣು ಕಟ್ಟಿ ಪೂಜೆ ಮಾಡುವುದು ರೂಢಿ. ಗಾಡಿಯನ್ನು ಯಾರು ಹೆಚ್ಚು ಪ್ರೀತಿಯಿಂದ ನೋಡಿಕೊಂಡಿದ್ದಾರೋ ಅವರ ಗಾಲಿಗೇ ಹೆಚ್ಚು ಗ್ರೀಸ್. ಇದು ತಿಳಿದ ದಿನ ನನಗೆ ಅಣ್ಣನ ರಟ್ಟಿನ ಪುಸ್ತಕದ ಬಗ್ಗೆ ನಗು ಬರುವುದು ನಿಂತಿತು. ಅದರಲ್ಲಿದ್ದವರೆಲ್ಲ ಅಂಥದೇ ಗಾಡಿಯಲ್ಲಿ ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ತಿರುಗುತ್ತಿದ್ದರು.

ಅಣ್ಣ ಮಲಗಿದಲ್ಲಿಂದಲೇ ಒಬ್ಬೊಬ್ಬರಿಗೆ ಫೋನ್ ಮಾಡಿ ಗಾಡಿ ನಿಲ್ಲಿಸಲು ಹೇಳಿದ. ಕೊನೆಗೆ ಒಂದು ಹೆಸರು ಉಳಿಯಿತು.

“ತಡಸದ ಕಡೆ ಬಸನಗೌಡ್ರು ಅಂತ ಇದ್ದಾರ ಪದ್ಮಾ,” ಎಂದ. “ಒಮ್ಮೆ ಹುಬ್ಬಳ್ಳಿ ಮಾರ್ಕೆಟ್ಟಿನ್ಯಾಗ ಸಿಕ್ಕಿದ್ರು. ಬಂದು ಬರಕೊಂಡು ಹೋಗ್ತೇನಿ ಅಂದಿದ್ದೆ, ಹೋಗ್ಲಿಕ್ಕೆ ಆಗಲೇ ಇಲ್ಲ. ಅವರು ಕೊಟ್ಟ ಫೋನ್ ನಂಬರು ಹಳೇದು, ಹತ್ತಲಿಕ್ಕೆ ಒಲ್ಲದು.”

“ಅಮಾಸಿ ಮುಗೀಲಿ. ಮುಂದಿನ ವಾರ ಯಾರನ್ನರೆ ಕಳಸೋಣಂತ,” ಎಂದರು ವೈನಿ.

“ಅಮಾಸಿ ದಿನಾನ ಅವರು ಗ್ರೀಸ್ ಹೊಡೀತಾರ,” ಎಂದು ಅಣ್ಣ ಕಣ್ಣು ಮುಚ್ಚಿಕೊಂಡ. ನನಗೆ ಶಾಲೆಗೆ ರಜೆ ಇತ್ತು. ಹೋಗುವುದಿಲ್ಲ ಎಂದು ಹೇಳಲು ಬಾಯಿ ತೆರೆದವಳು, ಹೋಗುತ್ತೇನೆ ಎಂದೆ.

ಸತ್ತೂರಿನಿಂದ ಹುಬ್ಬಳ್ಳಿಗೆ ಸಿಟಿ ಬಸ್ಸು ಸಿಕ್ಕಿತು. ಕೈಚೀಲದಲ್ಲಿ ಅಣ್ಣನ ದಪ್ಪ ಪುಸ್ತಕ, ಪೆನ್ಸಿಲು, ತೆಳ್ಳಗಿನ ಕಾಗದ, ಎಣ್ಣೆಯ ಮಾತು ಬರೆದಿದ್ದ ಪುಟದ ಝೆರಾಕ್ಸು. ಹಿಂದಿನ ರಾತ್ರಿ ಮಳೆ ಬಂದು ಉಣಕಲ್ ಕೆರೆಯ ನೀರು ಕೆಂಪಗಾಗಿತ್ತು. ಹಳೇ ಬಸ್‌ಸ್ಟ್ಯಾಂಡಿನಲ್ಲಿ ತಡಸದ ಮೇಲೆ ಹೋಗುವ ಮುಂಡಗೋಡದ ಬಸ್ಸಿಗೆ ಅಮಾವಾಸ್ಯೆಯ ಪೂಜೆ ನಡೆದಿತ್ತು. ಕಂಡಕ್ಟರು ಊದಿನಕಡ್ಡಿ ಬೆಳಗಿ, ಕಾಯಿ ಒಡೆದು, ಮುಂದಿನ ಎರಡೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ಡ್ರೈವರು ಅದರ ಮೇಲೆ ಬಸ್ಸು ಹಾಯಿಸಿದ. ಉಳಿದವರು ಕೈ ಮುಗಿದರು. ನಾನು ಗಾಲಿ ನೋಡುತ್ತ ನಿಂತೆ. ಅಷ್ಟು ದೊಡ್ಡ ಬಸ್ಸಿನ ಗಾಲಿಯೂ ಯಾವುದೋ ಒಂದು ಕೀಲಿನ ಮೇಲೆ ತಿರುಗುತ್ತದಲ್ಲ, ಅದಕ್ಕೆ ಯಾರು ಏನು ಹಾಕುತ್ತಾರೋ ಎನಿಸಿ, ಹತ್ತಲು ಕಾಲೇ ಬರಲಿಲ್ಲ. ಕಂಡಕ್ಟರು “ಬರ್ತೀರೋ ಇಲ್ಲೋ ಅಕ್ಕಾರ?” ಎಂದು ಕೇಳಿದ ಮೇಲೆ ಹತ್ತಿದೆ. ನಾನು ಟೀಚರೆಂದು ಮುಖದ ಮೇಲೆ ಬರೆದಿರುತ್ತದೋ ಏನೋ, ನಮ್ಮ ಕಡೆ ಎಲ್ಲರೂ ಅಕ್ಕಾರ ಎಂದೇ ಕರೆಯುತ್ತಾರೆ.

ಪಕ್ಕದಲ್ಲಿ ಕೂತಾಕೆ ತಡಸದವಳು, ಮಾರ್ಕೆಟ್ಟಿಗೆ ಮೆಣಸಿನಕಾಯಿ ಹಾಕಿ ಖಾಲಿ ಚೀಲಗಳೊಡನೆ ಹೊರಟಿದ್ದಳು. ಗಬ್ಬೂರ ಹತ್ತಿರವಾದಾಗ ನಾನು ಕಣ್ಣು ಮುಚ್ಚಿಕೊಳ್ಳಬೇಕೆಂದಿದ್ದೆ. ಆಕೆ ಮೊಳಕೈಯಿಂದ ತಿವಿದು ಕಿಟಕಿಯ ಹೊರಗೆ ತೋರಿಸಿದಳು.

“ಅಲ್ಲಿ ನೋಡ್ರಿ, ತಗ್ಗಿನ್ಯಾಗ. ಮೊನ್ನೆ ಒಂದು ಹಳೇ ಕಾರು ಬಿದ್ದಿತ್ತು. ಅದರಾಗಿದ್ದಾವ ಹೋಗೇ ಬಿಟ್ನಂತ.”

“ಇಲ್ರಿ, ಇದ್ದಾನ,” ಎಂದೆ.

“ಯಾರ್ ಹೇಳಿದ್ರು? ನಮ್ಮ ಓಣ್ಯಾಗ ಎಲ್ಲಾರೂ ಹೋದ ಅನ್ನಾಕತ್ತಾರ.”

“ನಮ್ಮಣ್ಣ ರೀ ಅವ.”

ಆಕೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. ತಗ್ಗಿನ ಅಂಚಿನಲ್ಲಿ ಮಣ್ಣು ಕುಸಿದ ಗುರುತು, ಒಂದಿಷ್ಟು ಗಾಜಿನ ಚೂರು ಬಿಟ್ಟರೆ ಏನೂ ಇರಲಿಲ್ಲ. ಗಾಡಿಯನ್ನು ಎಂದೋ ಎತ್ತಿ ಒಯ್ದಿದ್ದರು. ಆದರೂ ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಆಕೆ ತನ್ನ ಗಂಟಿನಿಂದ ಒಂದು ನಿಂಬೆಹಣ್ಣು ತೆಗೆದು ನನ್ನ ಕೈಯಲ್ಲಿಟ್ಟು, ಮೂಸಿ ನೋಡ್ರಿ, ಸಂಕಟ ಕಡಿಮೆ ಆಗತೈತಿ ಎಂದಳು. ತಡಸ ಬರುವ ತನಕ ಮೂಸಿದೆ. ಸಂಕಟ ಕಡಿಮೆಯಾಯಿತು, ಅಂಜಿಕೆ ಕಡಿಮೆಯಾಗಲಿಲ್ಲ.

ತಡಸ ಕ್ರಾಸಿನಿಂದ ಗೌಡರ ಊರು ಒಳಗೆ ನಾಲ್ಕು ಕಿಲೋಮೀಟರು. ಊರಿನ ಹೆಸರು ಬರೆಯುವುದಿಲ್ಲ, ಆ ಮನೆಯವರಿಗೆ ಮುಜುಗರವಾದೀತು. ಹೋಗಲು ಇದ್ದದ್ದು ಒಂದು ಟಂಟಂ. ಮೂರು ಗಾಲಿಯ ಆ ಗಾಡಿಯಲ್ಲಿ ಎಷ್ಟು ಜನ ಕೂಡಬಹುದು ಎಂಬುದಕ್ಕೆ ಮಿತಿ ಇಲ್ಲ. ಜನ ತುಂಬಿದ ಮೇಲೆ ಡ್ರೈವರು ತನಗೇ ಜಾಗವಿಲ್ಲದೆ ಅರ್ಧ ಮೈ ಹೊರಗಿಟ್ಟು ಓಡಿಸಿದ. ಮಳೆ ನಿಂತ ಎರೆಮಣ್ಣಿನ ದಾರಿ, ಎರಡೂ ಕಡೆ ಹತ್ತಿ, ಮೆಣಸಿನ ಗಿಡ. ನಡುವೆ ಕಟ್ಟೆ ಇಲ್ಲದ ಒಂದು ಸಣ್ಣ ಸೇತುವೆ, ಅದರ ಕೆಳಗೆ ಹಳ್ಳ ತುಂಬಿ ಹರಿಯುತ್ತಿತ್ತು. ಸೇತುವೆಯ ಮೇಲೆ ಟಂಟಂ ಒಂದು ಕಡೆ ವಾಲಿದಾಗ ನಾನು ಪಕ್ಕದವರ ತೊಡೆ ಹಿಡಿದುಕೊಂಡೆ. ಇದೇ ಸೇತುವೆಯ ಮೇಲೆ ಗೌಡರ ಹೆರಾಲ್ಡ್ ದಿನವೂ ಹಾಯುತ್ತದೆ ಎಂಬುದು ಆಗ ತಲೆಗೆ ಬಂತು.

ಗೌಡರ ಅಂಗಳದಲ್ಲಿ ಗಾಡಿ ನಿಂತಿತ್ತು. ಮಾವಿನಕಾಯಿ ಬಣ್ಣ. ತೊಳೆದು ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿತ್ತು. ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ವಸಂತನ ತಂಗಿ ಎಂದು ನಾನು ಕೂಗಿ ಹೇಳಿದ್ದು ಕೇಳಿ ಎಪ್ಪತ್ತರ ಹತ್ತಿರದ ಒಬ್ಬರು ಹೊರಗೆ ಸರಿದು ಎದ್ದು ನಿಂತರು. ಬಸನಗೌಡರು.

“ವಸಂತರಾಯರ ತಂಗೀನ? ಬರ್ರಿ, ಬರ್ರಿ. ಬರತೇನಿ ಅಂದು ವರ್ಷಗಟ್ಲೆ ಆತು, ಇವತ್ತ ಬಂದ್ರಿ ನೋಡ್ರಿ. ಕೈ ಮುಟ್ಟಬ್ಯಾಡ್ರಿ, ಗ್ರೀಸ್ ಆಗೈತಿ.” ಅವರ ಎರಡೂ ಕೈ ಮಣಿಕಟ್ಟಿನ ತನಕ ಕಪ್ಪಾಗಿದ್ದವು.

ನಾನು ಬಂದ ಕಾರಣ ಹೇಳುವ ಮೊದಲೇ ಅವರು ಅಣ್ಣನ ಪುಸ್ತಕ ನೋಡಿ, ಹೆಸರು ಬರೆದುಕೊಳ್ಳಲು ಬಂದಿದ್ದೇನೆ ಎಂದು ತಿಳಿದರು. ಒಳಗೆ ಹೋಗಿ ಕೈ ತೊಳೆದು, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದರು. ಹೆಂಡತಿ ಶಾಂತವ್ವನನ್ನೂ ಇಬ್ಬರು ಮೊಮ್ಮಕ್ಕಳನ್ನೂ ಕರೆದರು. ಗಾಡಿಯ ಮುಖವನ್ನು ಎರಡು ಕೈಯಿಂದ ಮೆಲ್ಲಗೆ ಎತ್ತಿ, ನಂಬರಿನ ತಗಡನ್ನು ಚಿಮಣಿ ಎಣ್ಣೆಯ ಅರಿವೆಯಿಂದ ತಾವೇ ಒರೆಸಿ ಹೊಳೆಯಿಸಿದರು. ಉಳಿದವರೆಲ್ಲ ಪೆನ್ಸಿಲ್ ಕಂಡು ಬಾಗಿಲು ಹಾಕಿಕೊಂಡರೆ ಇವರು ಮನೆಮಂದಿಯನ್ನೇ ಕರೆದು ನಿಲ್ಲಿಸಿದ್ದರು. ನಾನು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ನಂಬರು ಒಂದೊಂದೇ ಮೂಡಿತು.

“ನಮ್ಮ ಗಾಡಿಗೂ ಒಂದ್ ಮಾನ ಬಂತು ನೋಡು,” ಎಂದು ಗೌಡರು ಹೆಂಡತಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಛಲೋ ದಿನಾನ ಬಂದ್ರಿ. ನಾಳೆ ನಸಿಕಿನ್ಯಾಗ ಮನಿಮಂದಿಯೆಲ್ಲಾ ಗೋಕರ್ಣಕ್ಕ ಹೊಂಟೇವಿ. ಶಿರಸಿಗೆ ಹೋಗಿ, ದೇವಿಮನಿ ಘಾಟ್ ಇಳದು. ಅದಕ್ಕ ಇವತ್ತ ಗ್ರೀಸ್ ಜಾಸ್ತೀನ ತುಂಬೇನಿ,” ಎಂದರು.

ದೇವಿಮನೆ ಘಟ್ಟದ ತಿರುವುಗಳನ್ನು ನಾನು ಶಾಲೆಯ ಹುಡುಗರೊಂದಿಗೆ ಹೋದಾಗ ಒಮ್ಮೆ ನೋಡಿದ್ದೆ, ಅರ್ಧ ಕಣ್ಣು ಮುಚ್ಚಿಕೊಂಡು. ಮೊಮ್ಮಕ್ಕಳಲ್ಲಿ ಚಿಕ್ಕವಳು ಗಾಡಿಯ ಮಾಲೆಯಿಂದ ಒಂದು ಹೂವು ಕಿತ್ತು ನನ್ನ ಕೈಯಲ್ಲಿಟ್ಟಳು. ಹೇಳಬೇಕಾದದ್ದನ್ನು ಹೇಳಿದೆ. ಅಣ್ಣ ಬಿದ್ದು ಸತ್ತೂರಿನ ಆಸ್ಪತ್ರೆ ಸೇರಿದ್ದು, ಗಾಲಿ ಮಡಚಿದ್ದು, ಗ್ರೀಸಿನ ವಿಷಯ, ಎಣ್ಣೆಯ ವಿಷಯ. ಪಾಠ ಹೇಳಿ ಅಭ್ಯಾಸವಿರುವ ನನಗೆ ಆ ದಿನ ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ. ಝೆರಾಕ್ಸ್ ಹಾಳೆ ಬಿಚ್ಚಿ, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿ ಹೇಳಿದೆ.

ಗೌಡರು ಮೊದಲು ನಕ್ಕರು. ಆಮೇಲೆ ಹಾಳೆಯನ್ನೂ ಗಾಲಿಯನ್ನೂ ನೋಡಿದರು.

“ಈ ಪುಸ್ತಕ ಬರದಾವ ನಮ್ಮ ಎರಿಮಣ್ಣಾಗ ಗಾಡಿ ಹೊಡದಾನೇನ್ರಿ?”

“ಕಂಪನಿಯವರು ರೀ ಗೌಡ್ರ. ಗಾಡಿ ಮಾಡಿದಾವ್ರು.”

“ಮಾಡಿದಾವ್ರು ಮಾಡಿ ಕಳಿಸಿದ್ರು. ಮೂವತ್ತ ವರ್ಷ ಸಾಕಿದಾವ ನಾನು.” ದನಿ ಏರಿಸಲಿಲ್ಲ ಅವರು, ಅದಕ್ಕೇ ನನಗೆ ಹೆಚ್ಚು ಅಂಜಿಕೆಯಾಯಿತು. “ಹೊಲದಾಗ ಕೆಲಸ ಬಿದ್ದಾಗ ಮಕ್ಕಳ ಸಾಲಿ ಫೀ ತುಂಬೂದು ಮರತೇನಿ. ಆದ್ರ ಇದಕ್ಕ ಒಂದ ಅಮಾಸಿ ಗ್ರೀಸ್ ತಪ್ಪಸಿಲ್ಲ. ಈಗ ನೀವು ಬಂದು, ನಾನ ಇದನ್ನ ಕೈಯ್ಯಾರೆ ಕೊಲ್ಲಾಕತ್ತೇನಿ ಅಂತೀರಿ.”

“ಹಂಗಲ್ರಿ...”

“ನಿಮ್ಮಣ್ಣಾರು ಬಿದ್ದದ್ದು ಕೇಳಿ ನನಗೂ ಕೆಟ್ಟ ಅನಸ್ತು. ಆದ್ರ ಅವರ ಗಾಡಿ ಬ್ಯಾರೆ, ನಮ್ಮ ಗಾಡಿ ಬ್ಯಾರೆ. ಊಟಕ್ಕ ಏಳ್ರಿ.”

ಸಿಟ್ಟು ಬಂದರೂ ಊಟ ತಪ್ಪಿಸುವ ಮನೆ ಅಲ್ಲ ಅದು. ಪಡಸಾಲೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಹೂರಣದ ಕಡಬು, ಮೇಲೆ ತುಪ್ಪ. ಗೌಡರು ನನ್ನ ಎದುರಿಗೇ ಕೂತು, ಇನ್ನೂ ಒಂದು ಕಡಬು ಬಡಿಸಲು ಹೆಂಡತಿಗೆ ಕೈಸನ್ನೆ ಮಾಡುತ್ತಿದ್ದರು. ಆ ಕಡಬು ನುಂಗಲು ನಾನು ಪಟ್ಟ ಪಾಡು ನನಗೇ ಗೊತ್ತು. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಶಾಂತವ್ವ ನೀರಿನ ತಂಬಿಗೆ ಹಿಡಿದು ಹಿಂದೆ ಬಂದರು.

“ಅಕ್ಕಾರ, ತಿರುವಿನ್ಯಾಗ ಗಾಡಿ ಕಟ್ ಕಟ್ ಅಂತೈತಿ,” ಎಂದರು, ಬಹಳ ಸಣ್ಣ ದನಿಯಲ್ಲಿ. “ದಸರಾದಿಂದ ಕೇಳಾಕತ್ತೇನಿ. ಒಮ್ಮೆ ಅಂದೆ. ನಿನಗೇನ ತಿಳೀತೈತಿ ಅಂದ್ರು. ಮತ್ತ ಅನ್ನಲಿಲ್ಲ.”

“ನಾಳೆ ಹೋಗಬ್ಯಾಡ್ರಿ ಮತ್ತ,” ಎಂದೆ.

“ನಾ ಹ್ಯಾಂಗ ಹೇಳ್ಲಿ? ನನಗ ಬಾಳ ಅಂಜಿಕಿ ಆಗೈತ್ರಿ. ಘಾಟಿಗೂ ಅಂಜತೇನಿ, ಅವರಿಗೂ ಅಂಜತೇನಿ.” ಅವರು ಹಾಕುತ್ತಿದ್ದ ನೀರಿನಲ್ಲಿ ಅರ್ಧ ನನ್ನ ಸೀರೆಯ ಮೇಲೆ ಬಿತ್ತು. ನನ್ನಷ್ಟೇ ಅಂಜುವ ಇನ್ನೊಬ್ಬಳನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು.

ಹೊರಗೆ ಬಂದರೆ ಟಂಟಂ ಹೋಗಿಬಿಟ್ಟಿತ್ತು, ಮತ್ತೆ ಬರುವುದು ಸಂಜೆಗೆ. ನಡೆದುಕೊಂಡು ಹೋಗುತ್ತೇನೆ ಎಂದೆ. ಗೌಡರು ಕೇಳಲಿಲ್ಲ.

“ನಮ್ಮ ಮನಿಗೆ ಬಂದಾವ್ರು ನಡಕೊಂಡು ಹೋದ್ರ ಊರಾಗ ನಾ ಹ್ಯಾಂಗ ಮಾರಿ ತೋರಿಸ್ಲಿ? ಕ್ರಾಸಿನ ಮಟ ನಾನ ಬಿಡತೇನಿ. ನೀವೇ ಕುಂತು ನೋಡ್ರಿ, ಗಾಡಿ ಹ್ಯಾಂಗೈತಿ ಅಂತ. ಆಮ್ಯಾಲ ಅಣ್ಣಾರಿಗೆ ಹೇಳ್ರಿ.” ಮುಂದಿನ ಬಾಗಿಲು ತೆರೆದು ಹಿಡಿದರು. ಮೊಮ್ಮಕ್ಕಳು ಆಗಲೇ ಹಿಂದಿನ ಸೀಟಿಗೆ ಹಾರಿದ್ದರು. ಉಂಡ ಮನೆಯವರು ತೆರೆದ ಬಾಗಿಲಿಗೆ ಒಲ್ಲೆ ಅನ್ನುವುದು ನಮ್ಮ ಕಡೆ ತಟ್ಟೆ ತಳ್ಳಿದಷ್ಟೇ ದೊಡ್ಡ ಅವಮಾನ. ನಾನು ಹೋಗಿ ಕೂತೆ. ಗೌಡರು ಚಾವಿ ಸಿಕ್ಕಿಸಿ, ರುಮಾಲು ಸುತ್ತಿಕೊಂಡು ಬರುತ್ತೇನೆಂದು ಒಳಗೆ ಹೋದರು.

ಆ ಗಾಡಿಯಲ್ಲಿ ಕೂತ ಸ್ವಲ್ಪ ಹೊತ್ತಿನ ಅಂಜಿಕೆ ನನ್ನ ಜೀವಮಾನದ ಎಲ್ಲ ಅಂಜಿಕೆಗಿಂತ ದೊಡ್ಡದಾಗಿತ್ತು. ಕಟ್ಟೆ ಇಲ್ಲದ ಸೇತುವೆ ಕಣ್ಣ ಮುಂದೆ ಬಂತು. ಅಣ್ಣನ ಕಾಲಿಗೆ ಕಟ್ಟಿದ ಭಾರ ಬಂತು. ಹಿಂದಿನ ಸೀಟಿನಲ್ಲಿ ಮಕ್ಕಳು ಗೋಕರ್ಣದಲ್ಲಿ ಸಮುದ್ರ ಎಷ್ಟು ಆಳ ಇರುತ್ತದೆ ಎಂದು ಜಗಳಾಡುತ್ತಿದ್ದರು. ಇಳಿದು ಓಡಿಹೋಗೋಣ ಎನಿಸಿತು. ನಾನು ಇಳಿದರೆ ನಾನು ಉಳಿಯುತ್ತೇನೆ, ಇವರು ನಾಳೆ ಹೋಗೇ ಹೋಗುತ್ತಾರೆ. ನನ್ನ ಕೈ ತಾನಾಗಿ ಮುಂದೆ ಹೋಯಿತು. ಚಾವಿ ಹೊರಳಿಸಿ ಎಳೆದೆ. ಕರಿದಾರದಲ್ಲಿ ಕಟ್ಟಿದ ಒಂದೇ ಚಾವಿ, ಅಂಗೈಯಲ್ಲಿ ಬಿಸಿಯಾಗಿತ್ತು. ಕೈಚೀಲದಲ್ಲಿ ಹಾಕಿಕೊಂಡು ತಲೆ ಎತ್ತಿದರೆ ಶಾಂತವ್ವ ಹೊಸ್ತಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದರು.

ಈಗ ಕೂಗುತ್ತಾರೆ ಎಂದುಕೊಂಡೆ. ಅವರು ನೆಟ್ಟಗೆ ಗಾಡಿಯ ಹತ್ತಿರ ಬಂದು, “ಇಳೀರಿ, ಒಳಗ ಕಡಬು ಐತಿ,” ಎಂದು ಮಕ್ಕಳನ್ನು ಇಳಿಸಿ ಕಳಿಸಿದರು. ಆಮೇಲೆ ನನ್ನ ಕಡೆ ಬಾಗಿ, “ಹಿತ್ತಲ ಬಾಗಲಾ ತಗದೈತಿ. ಹತ್ತಿ ಹೊಲದಾಗ ಕಾಲುದಾರಿ ಹಿಡದ್ರ ಸೀದಾ ಕ್ರಾಸು. ಲಗೂ ಹೋಗ್ರಿ,” ಎಂದರು.

“ನಿಮಗ ಬೈತಾರಲ್ರಿ.”

“ಬೈಲಿ. ಬೈಸಿಕೊಂಡ್ರ ಯಾರೂ ಸಾಯೂದಿಲ್ಲ.”

ಹತ್ತಿ ಹೊಲದಲ್ಲಿ ನಾನು ಓಡಿದ್ದನ್ನು ನನ್ನ ವಿದ್ಯಾರ್ಥಿಗಳು ಯಾರೂ ನೋಡಲಿಲ್ಲ, ಪುಣ್ಯ. ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲೂ ಕಲ್ಲಿನಂತಾಯಿತು. ಚಪ್ಪಲಿ ಕೈಯಲ್ಲಿ ಹಿಡಿದೆ. ಗಿಡದ ಸಂದಿಯಲ್ಲಿ ಏನು ಸರಿದರೂ ಹಾವು, ಯಾರು ಕೆಮ್ಮಿದರೂ ಗೌಡರು. ಕಾಲುದಾರಿ ಅದೇ ಸೇತುವೆಗೆ ಸೇರುವ ಕಡೆ, ಹಳ್ಳದ ದಂಡೆಯಲ್ಲಿ ಒಂದು ನಾಯಿ ಬೊಗಳಿತು, ಆದರೆ ಆ ದಿನ ನಾಯಿಗೆ ಅಂಜಲು ನನಗೆ ಪುರುಸೊತ್ತು ಇರಲಿಲ್ಲ. ಕ್ರಾಸು ಕಣ್ಣಿಗೆ ಬಿದ್ದಾಗ ಹಿಂದೆ ಮೋಟಾರ್ ಸೈಕಲ್ಲಿನ ಸದ್ದು ಕೇಳಿ, ಬೇಲಿಯ ಹಿಂದೆ ಕೂತುಬಿಟ್ಟೆ. ಹಾಲಿನ ಕ್ಯಾನು ಕಟ್ಟಿಕೊಂಡವನೊಬ್ಬ ಹಾದುಹೋದ.

ಹುಬ್ಬಳ್ಳಿಯ ಬಸ್ಸಿನಲ್ಲಿ ಡ್ರೈವರ ಹಿಂದಿನ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದೆ. ಮಕ್ಕಳಿಗೆ ನಕಲು ಮಾಡಬೇಡಿ, ಇನ್ನೊಬ್ಬರ ಪೆನ್ನು ಮುಟ್ಟಬೇಡಿ ಎಂದು ಹೇಳುತ್ತ ಬಂದವಳು ಉಂಡ ಮನೆಯಲ್ಲಿ ಕದ್ದಿದ್ದೆ. ಹಿಂದಿನಿಂದ ಯಾವ ಗಾಡಿ ಹಾರ್ನ್ ಹೊಡೆದರೂ ಪೊಲೀಸರೇ ಎನಿಸುತ್ತಿತ್ತು. ಅದಕ್ಕಿಂತ ದೊಡ್ಡ ಅಂಜಿಕೆ ಇನ್ನೊಂದು. ಮನೆಯಲ್ಲಿ ಎರಡನೇ ಚಾವಿ ಇದ್ದರೆ? ಸಿಟ್ಟಿನಲ್ಲಿ ಅವರು ಈಗಲೇ ಗಾಡಿ ತೆಗೆದು ನನ್ನ ಹಿಂದೆ ಬಂದರೆ? ಸೇತುವೆಯ ಮೇಲೆ ಏನಾದರೂ ಆದರೆ ಅದಕ್ಕೆ ನಾನೇ ಕಾರಣ. ಗಬ್ಬೂರ ಬಂದು ಹೋದದ್ದೂ ತಿಳಿಯಲಿಲ್ಲ. ಧಾರವಾಡ ಮುಟ್ಟಿ ಸಪ್ತಾಪುರದ ಮನೆಗೆ ಬಂದವಳು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಅದರ ಹಿಂದೆ ಕುರ್ಚಿಯನ್ನೂ ಇಟ್ಟೆ.

ಮರುದಿನ ಮುಂಜಾನೆ ಸತ್ತೂರಿಗೆ ಹೋಗಿ, ಚಾವಿಯನ್ನು ಅಣ್ಣನ ಮಂಚದ ಮೇಲೆ ಇಟ್ಟೆ. ನಡೆದದ್ದು ಕೇಳಿ ಅವನು ನನ್ನ ಮುಖವನ್ನೇ ನೋಡಿದ.

“ಕದ್ದಿಯೇನು? ನೀನು?”

“ಜಿರಳಿ ಕಂಡ್ರ ಮಂಚ ಹತ್ತತಿದ್ದಿ,” ಎಂದು ವೈನಿ ನಗಲು ಹತ್ತಿದರು. ನನಗೆ ಅಳು ಬಂತು. ಗಾಡಿ ಗೋಕರ್ಣಕ್ಕೆ ಹೋಯಿತೋ ಇಲ್ಲವೋ ನಮಗೆ ಯಾರಿಗೂ ಗೊತ್ತಿರಲಿಲ್ಲ. ಈ ಹೊತ್ತಿಗೆ ಹೊರಟಿದ್ದರೆ ಘಟ್ಟ ಹತ್ತಿರವಾಗಿರಬೇಕು ಎಂದು ಅಣ್ಣ ಗಡಿಯಾರ ನೋಡಿದ.

ವಾರ್ಡಿನ ಬಾಗಿಲಲ್ಲಿ ರುಮಾಲು ಕಂಡಿತು. ಬಸನಗೌಡರು. ಕಂಕುಳಲ್ಲಿ ಕೊಡೆ, ಮಣ್ಣಾದ ಚಪ್ಪಲಿ. ನಾನು ಹೋಗಿ ವೈನಿಯ ಹಿಂದೆ ನಿಂತೆ. ಗೌಡರು ನನ್ನ ಕಡೆ ನೋಡಲಿಲ್ಲ. ಅಣ್ಣನ ಕಾಲು ನೋಡಿದರು, ಹಗ್ಗ ನೋಡಿದರು, ಹಗ್ಗದ ತುದಿಗೆ ತೂಗುವ ಭಾರ ನೋಡಿದರು.

“ಯಾವ ಗಾಲಿರಿ?” ಎಂದರು.

“ಎಡಗಡೆ ಮುಂದಿಂದು.”

“ನೀವೂ ಗ್ರೀಸ್...”

“ಅಮಾಸಿಗೊಮ್ಮೆ, ಗೌಡ್ರ. ನನ್ನ ಕೈಲೇನ ಹೊಡೀತಿದ್ದೆ. ಒಂದ ಅಮಾಸಿನೂ ತಪ್ಪಿಸಿಲ್ಲ.”

ಗೌಡರು ಸ್ಟೂಲಿನ ಮೇಲೆ ಕೂತರು. ತಮ್ಮ ಕೈಯನ್ನು ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು ಉಳಿದಿತ್ತು.

“ನಿನ್ನೆ ತಡಸದಿಂದ ಮಿಸ್ತ್ರಿನ್ನ ಕರಿಸಿದ್ದೆ, ವಾಯರ್ ಜೋಡಿಸಿ ಗಾಡಿ ಚಾಲೂ ಮಾಡಾಕ,” ಎಂದರು, ಯಾರ ಮುಖವನ್ನೂ ನೋಡದೆ. “ನಮ್ಮ ಮನಿಯಾಕಿ ಅವನ್ನ ಅಂಗಳದಾಗ ಕಾಲಿಡಾಕ ಬಿಡ್ಲಿಲ್ಲ. ಗಾಡಿ ಮುಂದ ನೆಲದ ಮ್ಯಾಲ ಕುಂತಬಿಟ್ಲು. ಲಗ್ನ ಆದಾಗಿಂದ ನನಗ ಎದುರು ಮಾತಾಡಿದಾಕಿ ಅಲ್ಲ. ಇವತ್ತ ಎಲ್ಲಾರ್ನೂ ಗೋಕರ್ಣದ ಬಸ್ಸಿಗೆ ಹತ್ತಿಸಿ ಇಲ್ಲಿಗೆ ಬಂದೆ.”

ಅಣ್ಣ ಮೊಳಕೈ ಊರಿ ತಲೆ ಎತ್ತಿದ. “ಬೆಳಗಾವಿ ಡಾಕ್ಟರ ಹತ್ರ ಹೊಸಾ ಕೀಲು ಒಂದು ಜೋಡಿ ಅದಾವ. ಪುಸ್ತಕದಾಗ ಇದ್ದಾವ್ರಿಗೆ ಕೊಡ್ತೇನಿ ಅಂದಾರ. ತರಿಸಿ ಹಾಕಿಸೋಣ್ರಿ.”

ನಾನು ಮುಂದೆ ಬಂದು, ಮಂಚದ ಮೇಲಿದ್ದ ಚಾವಿ ತೆಗೆದು ಚಾಚಿದೆ. ಗೌಡರು ಚಾವಿ ತೆಗೆದುಕೊಂಡರು. ಕರಿದಾರ ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. ಕೊನೆಗೆ ನನ್ನ ಕೈ ಹಿಡಿದು ಅಂಗೈಯಲ್ಲಿ ಅದನ್ನು ಇಟ್ಟು, ಬೆರಳು ಮಡಚಿದರು.

“ಆ ಸಾಮಾನು ಬರೂ ಮಟ ನಿಮ್ಮ ಹತ್ರನ ಇರ್ಲಿ ಅಕ್ಕಾರ,” ಎಂದರು. “ನಾನ ಬಂದು ಬೇಡಿದ್ರೂ ಕೊಡಬ್ಯಾಡ್ರಿ.”